ತಪ್ಪೊಪ್ಪಿಕೊಳ್ಳಲು ಬಂದ ಪ್ರತಿನಿಧಿ

ಯಾರೂ ಕೂರದ ಕುರ್ಚಿಯನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೆ ‘ಹಗುರ’ ಎಂಬ ಹೊಸ ಆನ್‌ಲೈನ್ ಕಂಪನಿಯದು ಒಂದು ನಿಯಮ: ಆರು ತಿಂಗಳು. ಕೆಳಗಿನ ಮನೆಯ ಓನರಮ್ಮನದು ಇನ್ನೊಂದು ನಿಯಮ: ತಾವು ಬದುಕಿರುವ ತನಕ. ಈ ಎರಡು ನಿಯಮಗಳ ನಡುವೆ ಸಿಕ್ಕಿಕೊಂಡವರು ಮೊದಲ ಮಹಡಿಯ ಬಾಡಿಗೆದಾರರಾದ ಪ್ರೂಫ್ ರೀಡರು.

ಇಪ್ಪತ್ತೆರಡು ವರ್ಷಗಳಿಂದ ಪತ್ರಿಕೆಯೊಂದರಲ್ಲಿ ಬೇರೆಯವರ ತಪ್ಪು ತಿದ್ದುವುದು ಅವರ ಕೆಲಸ. ಜೊತೆಗೆ ಭಾನುವಾರದ ಪುರವಣಿಗೆ ‘ಬಳಸಿ ನೋಡಿ’ ಎಂಬ ಅಂಕಣ ಬರೆಯುವ ಭಾಗ್ಯವೂ ಮೂರು ವರ್ಷದ ಹಿಂದೆ ಅವರ ಪಾಲಿಗೆ ಬಂದಿತ್ತು, ಯಾಕೆಂದರೆ ಕಚೇರಿಯಲ್ಲಿ ಉಳಿದವರೆಲ್ಲ ಬೇಡ ಎಂದಿದ್ದರು. ವಾರಕ್ಕೆ ಐದು ಹೊಸ ಜಾಲತಾಣ, ಒಂದೊಂದಕ್ಕೆ ನಾಲ್ಕು ಸಾಲು. ಕಂಪನಿಯವರು ತಮ್ಮ ಬಗ್ಗೆ ತಾವೇ ಬರೆದು ಕಳಿಸಿದ ಹೊಗಳಿಕೆಯಲ್ಲಿ ಅಲ್ಪವಿರಾಮ ಸರಿಪಡಿಸಿ ಅಚ್ಚಿಗೆ ಬಿಡುತ್ತಿದ್ದರು. ತಾವು ಮಾತ್ರ ಒಂದನ್ನೂ ಬಳಸಿ ನೋಡಿರಲಿಲ್ಲ. ಅಡುಗೆ ಮಾಡಿದವನೇ ಊಟಕ್ಕೆ ಕೂರದಿದ್ದರೆ ಯಾರಿಗಾದರೂ ಅನುಮಾನ ಬರಬೇಕು. ಆದರೆ ಅಚ್ಚಾದದ್ದನ್ನು ನಂಬುವ ಕಾಯಿಲೆ ಆ ಕಟ್ಟಡದಲ್ಲಿ ಎಲ್ಲರಿಗೂ ಇತ್ತು.

ಎರಡನೇ ಮಹಡಿಯ ನಿವೃತ್ತ ಹೆಡ್‌ಮಾಸ್ತರು, ಅನುಭವಸ್ಥರ ಸಲಹೆಯನ್ನು ಮಾರಿಸಿಕೊಡುವ ತಾಣ ಸೇರಿ ಎಂಟು ತಿಂಗಳಿಂದ ಫೋನಿನ ಮುಂದೆ ಕೂತಿದ್ದರು. ಈವರೆಗೆ ಒಬ್ಬನೇ ಒಬ್ಬ ಸಲಹೆ ಕೇಳಿದ್ದ, ಅದೂ ಆ ತಾಣದಿಂದ ಹೊರಬರುವುದು ಹೇಗೆ ಎಂದು. ರಸ್ತೆ ಕಡೆಯ ಅಂಗಡಿಯ ಟೈಲರು, ಫೋಟೋ ನೋಡಿಯೇ ಅಳತೆ ಹೇಳುವ ತಾಣವನ್ನು ನಂಬಿ ಮೂರು ಕೋಟು ಹೊಲಿದಿದ್ದರು. ಅವು ಹಿಡಿಸುವ ಮನುಷ್ಯ ಇನ್ನೂ ಹುಟ್ಟಿರಲಿಲ್ಲ. ಬೆನ್ನ ಹಿಂದೆ ಪ್ರೂಫ್ ರೀಡರಿಗೆ ‘ಬಳಸಿನೋಡಿ’ ಎಂದೇ ಹೆಸರು ಬಿದ್ದಿತ್ತು.

ಇಷ್ಟಾದರೂ ಓನರಮ್ಮ ‘ಹಗುರ’ವನ್ನು ಬಳಸಿ ನೋಡಿದರು. ಮನೆಯ ಫೋಟೋ ಕಳಿಸಿದರೆ ಸಾಕು, ಬೇಡದ ಸಾಮಾನು ಯಾವುದೆಂದು ಕಂಪ್ಯೂಟರೇ ಗುರುತಿಸಿ ಗಾಡಿ ಕಳಿಸಿ ಹೊರಿಸಿಕೊಂಡು ಹೋಗುತ್ತದೆ ಎಂದು ಅಂಕಣದಲ್ಲಿತ್ತು. ಹಳೇ ಪೇಪರು, ಮುರಿದ ಛತ್ರಿ ಹೋಗಲಿ ಎಂದು ಅವರ ಲೆಕ್ಕ. ಗಾಡಿಯವರಿಗೆ ಕುಡಿಯಲು ನೀರು ತರೋಣವೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಪೇಪರು, ಛತ್ರಿ ಅಲ್ಲೇ ಇದ್ದವು, ತೀರಿಕೊಂಡ ಯಜಮಾನರ ಆರಾಮ ಕುರ್ಚಿ ಇರಲಿಲ್ಲ. ವಾಪಸ್ ಕೊಡಿ ಎಂದು ಎರಡು ವಾರ ಬೇಡಿಕೊಂಡ ಮೇಲೆ ಒಂದು ದಿನ ಬೆಳಿಗ್ಗೆ ಉತ್ತರ ಬಂತು: ‘ಅಭಿನಂದನೆಗಳು! ನಿಮ್ಮ ಕುರ್ಚಿ ಮೂರು ಸ್ಟೂಲುಗಳಾಗಿ ಹೊಸ ಬದುಕು ಆರಂಭಿಸಿದೆ.’

ಐದೇ ನಿಮಿಷದಲ್ಲಿ ಓನರಮ್ಮ ಮೊದಲ ಮಹಡಿಯ ಬಾಗಿಲಲ್ಲಿದ್ದರು.

“ಪೇಪರಲ್ಲಿ ಬರೆದಿದ್ದು ನೀವೇ ಅಲ್ವಾ?”

“ಬರೆದಿದ್ದು ಕಂಪನಿಯವ್ರು. ನಾನು ತಿದ್ದಿದ್ದು ಅಷ್ಟೆ.”

“ಸರಿ. ನಿಮ್ಮ ಕರಾರು ಇವತ್ತಿಗೆ ಮುಗೀತು. ಸಂಜೆ ಕೂತು ಇನ್ನು ಮೂರು ವರ್ಷಕ್ಕೆ ಸಹಿ ಹಾಕೋಣ ಅಂತಿದ್ದೆ. ಈಗ ಬೇಡ. ಬೇರೆ ಮನೆ ನೋಡ್ಕೊಳ್ಳಿ, ನಾಳೇನೇ ಖಾಲಿ ಮಾಡಿ.”

ಓನರಮ್ಮ ಇಳಿದು ಹೋದರು. ಪ್ರೂಫ್ ರೀಡರ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದರು. ಮದುವೆಯಾದ ಮೊದಲ ಹತ್ತು ವರ್ಷದಲ್ಲಿ ಆರು ಮನೆ ಬದಲಾಯಿಸಿದವರು ಅವರು. ಏಳನೆಯದಾದ ಈ ಮನೆಗೆ ಬಂದ ಮೇಲೆಯೇ ಪೆಟ್ಟಿಗೆಗಳನ್ನೆಲ್ಲ ಪೂರ್ತಿ ಬಿಚ್ಚುವ ಧೈರ್ಯ ಮಾಡಿದ್ದರು.

“ಇನ್ನೊಂದು ಸಲ ಪಾತ್ರೆ ಕಟ್ಟೋಳಲ್ಲ ನಾನು,” ಎಂದರು ಆಕೆ. “ಈ ಮನೆ ಹೋದ್ರೆ ನಾನು ತಂಗಿ ಮನೇಲಿರ್ತೀನಿ, ನೀವು ಪೇಪರ್ ಆಫೀಸಲ್ಲೇ ಇರಿ. ಈಗ್ಲೇ ಕೆಳಗೆ ಹೋಗಿ ತಪ್ಪಾಯ್ತು ಅನ್ನಿ. ಒಂದೇ ಒಂದು ಮಾತು.”

ಆ ಒಂದೇ ಒಂದು ಮಾತು ಪ್ರೂಫ್ ರೀಡರ ಬಾಯಿಂದ ಈವರೆಗೆ ಹೊರಟಿರಲಿಲ್ಲ. ಪತ್ರಿಕೆಯಲ್ಲಿ ತಪ್ಪಾದರೆ ಮಾರನೆಯ ದಿನ ಏಳನೇ ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ವಿಷಾದ ಅಚ್ಚಾಗುತ್ತದೆ. ಯಾರ ತಪ್ಪು, ಯಾರ ವಿಷಾದ ಎಂದು ಅದರಲ್ಲಿ ಇರುವುದಿಲ್ಲ. ಅವರಿಗೆ ಗೊತ್ತಿದ್ದ ಕ್ಷಮಾಪಣೆ ಅದೊಂದೇ. ಕೆಳಗೆ ಹೋಗಿ ಬಾಗಿಲು ತಟ್ಟಿ, ನೆಟ್ಟಗೆ ನಿಂತು ಹೇಳಿದರು: “ಕುರ್ಚಿಯ ವಿಷಯದಲ್ಲಿ ಉಂಟಾಗಿರುವ ಪ್ರಮಾದಕ್ಕೆ ವಿಷಾದವಿದೆ.”

“ಯಾರಿಗೆ?” ಎಂದರು ಓನರಮ್ಮ.

ಪ್ರೂಫ್ ರೀಡರು ಯೋಚಿಸಿದರು. “ಸಂಬಂಧಪಟ್ಟವರಿಗೆ.”

ಬಾಗಿಲು ಮುಚ್ಚಿತು. ಹೋದ ಪುಟ್ಟ, ಬಂದ ಪುಟ್ಟ.

ಕಚೇರಿಯಲ್ಲಿ ಕೂತರೂ ಕೆಲಸ ಸಾಗಲಿಲ್ಲ. ಆಗ ಆ ವಾರದ ಅಂಕಣಕ್ಕೆ ಬಂದ ಪತ್ರಗಳ ನಡುವೆ ಒಂದು ಕಣ್ಣಿಗೆ ಬಿತ್ತು. ‘ತಪ್ಪಾಯ್ತು’ ಎಂಬ ಹೊಸ ಸೇವೆ. ನಿಮ್ಮ ಪರವಾಗಿ ನುರಿತ ಪ್ರತಿನಿಧಿಯೊಬ್ಬರು ಖುದ್ದಾಗಿ ಹೋಗಿ ಕ್ಷಮೆ ಕೇಳುತ್ತಾರೆ. ಮೊದಲನೆಯ ಕ್ಷಮೆ ಉಚಿತ. ಮೂರು ವರ್ಷದಲ್ಲಿ ಮೊದಲ ಸಲ ಪ್ರೂಫ್ ರೀಡರು ತಮ್ಮ ಅಂಕಣದ ಮಾತನ್ನು ತಾವೇ ಕೇಳಿದರು.

ವಿವರ ತುಂಬಿದ ಅರ್ಧ ಗಂಟೆಗೆ ಕ್ಷಮಾಪಣೆಯ ಕರಡು ಒಪ್ಪಿಗೆಗೆ ಬಂತು. ‘ಕುರ್ಚಿಯ ವಿಷಯದಲ್ಲೂ, ತಿಳಿದೋ ತಿಳಿಯದೆಯೋ ನನ್ನಿಂದಾದ ಇತರ ಕೆಲವು ತಪ್ಪುಗಳ ವಿಷಯದಲ್ಲೂ ದಯವಿಟ್ಟು ಮನ್ನಿಸಿ.’ ಬೇರೆ ಯಾರೇ ಆಗಿದ್ದರೂ ‘ಒಪ್ಪಿದೆ’ ಎಂದು ಒತ್ತಿ ಊಟಕ್ಕೆ ಏಳುತ್ತಿದ್ದರು. ಆದರೆ ಕರಡು ಎಂದ ಕೂಡಲೇ ಪ್ರೂಫ್ ರೀಡರ ಕೈ ಕೆಂಪು ಪೆನ್ನಿಗೆ ಹೋಯಿತು. ಇದೆಂಥ ವಾಕ್ಯ? ತಿಳಿದೋ, ತಿಳಿಯದೆಯೋ, ಒಂದನ್ನು ನಿರ್ಧರಿಸಬೇಡವೇ? ‘ಕೆಲವು’ ಎಂದರೆ ಎಷ್ಟು? ‘ಇತರ’ ಎಂದರೆ ಯಾವುವು? ಅಸ್ಪಷ್ಟವಾದದ್ದನ್ನು ಅವರು ಇಪ್ಪತ್ತೆರಡು ವರ್ಷದಲ್ಲಿ ಅಚ್ಚಿಗೆ ಬಿಟ್ಟವರಲ್ಲ. ನೆನಪು ಮಾಡಿಕೊಂಡು, ಮಾಡಿಕೊಂಡು, ವರ್ಷವಾರು ಬರೆಯುತ್ತಾ ಹೋದರು. ಪಟ್ಟಿ ಹನ್ನೊಂದಕ್ಕೆ ನಿಂತಿತು. ಇಷ್ಟು ನಿಖರವಾದ ಕ್ಷಮಾಪಣೆ ಎಲ್ಲೂ ಹೊರಟಿರಲಾರದು ಎಂಬ ತೃಪ್ತಿಯಲ್ಲಿ ಕಳಿಸಿಬಿಟ್ಟರು.

ಸಂಜೆ ಐದೂವರೆಗೆ ಪ್ರತಿನಿಧಿ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಫೈಲು. ಮೊದಲು ಬಸ್ಸು ಕಂಪನಿಯೊಂದರ ದೂರು ವಿಭಾಗದಲ್ಲಿ ಹದಿನೈದು ವರ್ಷ ಇದ್ದವರಂತೆ. ಆ ಮುಖ ನೋಡಿದರೆ ತಾವೇ ಏನೋ ತಪ್ಪು ಮಾಡಿದೆವೇನೋ ಎಂದು ಎದುರಿಗಿದ್ದವರಿಗೆ ಅನಿಸುವಂತಿತ್ತು.

“ಕ್ಷಮೆ ಕೇಳೋದಕ್ಕೂ ಆಳು ಇಟ್ರಾ?” ಎಂದರು ಹೆಂಡತಿ.

“ಸರ್, ಮಾತಾಡೋವಾಗ ನೀವು ಅಲ್ಲಿ ಇರಬಾರ್ದು,” ಎಂದರು ಪ್ರತಿನಿಧಿ. “ತಪ್ಪು ಮಾಡಿದವ್ರು ಎದುರಿಗಿದ್ರೆ ಕ್ಷಮಿಸೋಕೆ ಮನಸ್ಸು ಬರಲ್ಲ. ನಮ್ಮ ಅನುಭವ.”

ಹಾಗಾಗಿ ಪ್ರೂಫ್ ರೀಡರು ಮೆಟ್ಟಿಲ ಮೇಲೆ ಕೂತರು. ಓನರಮ್ಮನ ಕಿಟಕಿ ಅಲ್ಲಿಗೆ ತೆರೆದಿತ್ತು, ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಹೆಂಡತಿ ಮೇಲೆ ಕಟಕಟೆ ಹಿಡಿದು ನಿಂತರು. ಒಂದು ನಿಮಿಷದಲ್ಲಿ ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಳ್ಳುತ್ತಾ ಇಳಿದು ಬಂದರು. ಕೊರಳಲ್ಲಿ ಟೇಪು ನೇತುಹಾಕಿಕೊಂಡ ಟೈಲರೂ ಅಂಗಡಿ ಬಿಟ್ಟು ಬಂದು ಕೆಳಗಿನ ಮೆಟ್ಟಿಲಲ್ಲಿ ಜಾಗ ಹಿಡಿದರು.

“ಏನು ವಿಶೇಷ?” ಎಂದು ಟೈಲರು ಪಿಸುಗುಟ್ಟಿದರು.

“ಇವರ ತಪ್ಪನ್ನ ಇನ್ನೊಬ್ರು ಒಪ್ಕೊಳ್ತಿದಾರೆ,” ಎಂದರು ಹೆಡ್‌ಮಾಸ್ತರು.

ಒಳಗೆ ಪ್ರತಿನಿಧಿ ಓದತೊಡಗಿದರು. “ಒಂದು. ಗೋಡೆಗೆ ಮೊಳೆ ಹೊಡೀಬಾರ್ದು ಅಂತ ನೀವು ಹೇಳಿದ್ರಿ. ಅವ್ರು ಹದಿನಾಲ್ಕು ಹೊಡೆದಿದಾರೆ, ತಿಳಿದೇ. ಕ್ಯಾಲೆಂಡರ್ ತೂಗು ಹಾಕಿ ಮುಚ್ಚಿದಾರೆ.”

“ಅಷ್ಟೊಂದು ಕ್ಯಾಲೆಂಡರ್ ಯಾಕೆ ಅಂತ ನಂಗೂ ಅನಿಸ್ತಿತ್ತು,” ಎಂಬ ಓನರಮ್ಮನ ದನಿ ಕೇಳಿಸಿತು.

“ನಾಲ್ಕು. ಮೆಟ್ಟಿಲ ಹತ್ರ ಕಿಟಕಿ ಗಾಜು ಒಡೆದಿದ್ದು ಎರಡನೇ ಮಹಡಿಯ ಹೆಡ್‌ಮಾಸ್ತರ ಊರುಗೋಲು ತಾಗಿ ಅಲ್ಲ. ಇವ್ರು ಮಂಚ ಸಾಗಿಸೋವಾಗ.”

ಹೆಡ್‌ಮಾಸ್ತರು ನಿಧಾನವಾಗಿ ಕತ್ತು ತಿರುಗಿಸಿದರು. “ಆ ಗಾಜು ನೀವಾ? ಒಂದು ವರ್ಷ ನಾನು ಊರುಗೋಲು ಬಿಟ್ಟು ಗೋಡೆ ಹಿಡ್ಕೊಂಡು ಇಳಿದೆನಲ್ರೀ!”

“ಏಳು. ಹೊಲಿಗೆ ಯಂತ್ರದ ಸದ್ದು ತಡೆಯಲಾಗ್ತಿಲ್ಲ, ಟೈಲರನ್ನ ಖಾಲಿ ಮಾಡಿಸಿ ಅಂತ ನಿಮಗೆ ಬಂದ ಹೆಸರಿಲ್ಲದ ಪತ್ರ.”

“ಅದಾ? ಅಕ್ಷರ ಎಷ್ಟು ಚೆನ್ನಾಗಿತ್ತು ಅಂತ ಎತ್ತಿಟ್ಟಿದೀನಿ,” ಎಂದರು ಓನರಮ್ಮ.

ಟೈಲರು ಪ್ರೂಫ್ ರೀಡರ ಅಂಗಿಯ ಕಾಲರನ್ನು ಬಹಳ ಹೊತ್ತು ನೋಡಿದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರೆ. ಇಲ್ಲಿ ಒದೆಯುವವರಿಗೆ ಏಳುವ ಶ್ರಮವೂ ಇರಲಿಲ್ಲ, ಪಕ್ಕದಲ್ಲೇ ಕೂತಿದ್ದರು.

ಹನ್ನೊಂದನೆಯದು ಕುರ್ಚಿ. ಅಲ್ಲಿಗೆ ಬಂದಾಗ ಪ್ರತಿನಿಧಿ ಫೈಲು ಮುಚ್ಚಿದ ಸದ್ದಾಯಿತು.

“ಆ ಕುರ್ಚಿ ಹೇಗಿತ್ತಮ್ಮ?”

ಓನರಮ್ಮ ಹೇಳತೊಡಗಿದರು. ಬಲಗೈಯ ಹಲಗೆಯ ಮೇಲೆ ಬಿಸಿ ಚಹದ ಲೋಟ ಇಟ್ಟೂ ಇಟ್ಟೂ ಬಿದ್ದ ದುಂಡನೆಯ ಗುರುತು, ಕೂತಾಗ ಬರುತ್ತಿದ್ದ ಕಿರ್ ಎನ್ನುವ ಸದ್ದು. ಯಜಮಾನರು ಹೋದ ಮೇಲೂ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಿದ್ದರಂತೆ, ಕೂತು ಮಾತ್ರ ನೋಡಲಿಲ್ಲವಂತೆ. “ಒರೆಸೋಕೆ ಏನೂ ಇಲ್ದೆ ಈಗ ಬೆಳಗಾದ್ರೆ ಏನು ಮಾಡ್ಬೇಕೋ ಗೊತ್ತಾಗಲ್ಲಪ್ಪ,” ಎಂದರು.

“ಅಳಬೇಡಿ ಅನ್ನಲ್ಲಮ್ಮ. ಅಳಿ. ತಪ್ಪು ನಮ್ಮ ಕಡೆಯಿಂದ ಆಗಿದೆ,” ಎಂದರು ಪ್ರತಿನಿಧಿ.

ಎರಡು ವಾರದಿಂದ ಮೇಲೆ ಕೆಳಗೆ ಓಡಾಡಿದರೂ, ಆ ಕುರ್ಚಿ ಹೇಗಿತ್ತು ಎಂದು ಪ್ರೂಫ್ ರೀಡರು ಒಮ್ಮೆಯೂ ಕೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು. ಹೆಡ್‌ಮಾಸ್ತರು ಮೂಗು ಒರೆಸಿಕೊಂಡರು.

“ಅವ್ರನ್ನ ಕ್ಷಮಿಸ್ತೀರಾ ಅಮ್ಮ?”

“ಪೂರ್ತಿ ಕ್ಷಮಿಸಿದೀನಿ. ಮನಸ್ಸಲ್ಲಿ ಒಂದು ಚೂರೂ ಕೋಪ ಇಲ್ಲ.”

ಮೇಲೆ ಕಟಕಟೆಯ ಹತ್ತಿರ ಹೆಂಡತಿ ಉಸಿರು ಬಿಟ್ಟದ್ದು ಕೆಳಗಿನವರಿಗೂ ಕೇಳಿಸಿತು. ಪ್ರೂಫ್ ರೀಡರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಸಹಿ ಹಾಕಲು ಪೆನ್ನು ಜೇಬಿನಲ್ಲೇ ಇತ್ತು.

“ಇಷ್ಟು ಒಳ್ಳೆ ಮಾತು ಕೇಳಿ ಎಷ್ಟು ದಿನ ಆಗಿತ್ತೋ,” ಓನರಮ್ಮ ಹೇಳುತ್ತಿದ್ದರು. “ನಿಮ್ಮ ಮನೆ ಎಲ್ಲಪ್ಪ?”

“ಇದ್ದ ಮನೆ ಕೆಡವ್ತಿದಾರಮ್ಮ. ಎರಡು ತಿಂಗಳಿಂದ ಹುಡುಕ್ತಾ ಇದೀನಿ.”

“ಮೊಳೆ ಹೊಡೀತೀರಾ?”

“ಇಲ್ಲಮ್ಮ. ತೂಗು ಹಾಕೋವಂಥದ್ದು ನಮ್ಮ ಹತ್ರ ಏನೂ ಇಲ್ಲ.”

“ಪೇಪರಿಗೆ ಬರೀತೀರಾ?”

“ಓದೋದೂ ಇಲ್ಲಮ್ಮ.”

ಕಾಗದ ಬಿಡಿಸಿದ ಸದ್ದು. “ಮೇಲಿನ ಮನೆ ಒಂದು ತಿಂಗಳಲ್ಲಿ ಖಾಲಿ ಆಗತ್ತೆ. ಮೂರು ವರ್ಷಕ್ಕೆ ಕರಾರು ತಯಾರಾಗೇ ಇದೆ. ಹೆಸರು ಒಂದು ಬದಲಾಯಿಸಿದ್ರೆ ಆಯ್ತು.”

“ಆದ್ರೆ ಅಮ್ಮ, ಅವ್ರನ್ನ ಕ್ಷಮಿಸಿದ್ರಲ್ಲ?”

“ಕ್ಷಮಿಸಿದ್ದಕ್ಕೇ ಒಂದು ತಿಂಗಳು. ಬೆಳಿಗ್ಗೆ ನಾಳೇನೇ ಹೋಗ್ಲಿ ಅಂದಿದ್ದೆ.”

“ಮಾಡಿದ್ದುಣ್ಣೋ ಮಹಾರಾಯ,” ಎಂದು ಮೆಟ್ಟಿಲ ಮೇಲೆ ಹೆಡ್‌ಮಾಸ್ತರು ಒಂದು ಸಲಹೆಯನ್ನು ಉಚಿತವಾಗಿ ಕೊಟ್ಟರು.

ಪ್ರತಿನಿಧಿ ಹೊರಗೆ ಬಂದರು. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆಂದು ಪ್ರೂಫ್ ರೀಡರು ಮಾತು ಜೋಡಿಸಿಕೊಂಡು ನಿಂತಿದ್ದರು. ಪ್ರತಿನಿಧಿ ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು ತಲೆ ಎತ್ತಿದರು.

“ಸರ್, ಇದು ಕಂಪನಿ ಪರವಾಗಿ ಅಲ್ಲ, ನನ್ನ ಪರವಾಗಿ. ನಿಮ್ಮ ಮನೆ ಉಳಿಸೋಕೆ ಬಂದು ನಾನೇ ತಗೊಂಡೆ. ಬೇಡ ಅನ್ನೋಕೆ ಬಾಯಿ ತೆರೆದೆ ಸರ್. ಹೆಂಡ್ತಿ ಎರಡು ತಿಂಗಳಿಂದ ಮಗೂನ ಎತ್ಕೊಂಡು ಅವಳ ಅಣ್ಣನ ಮನೇಲಿದಾಳೆ. ಅದು ನೆನಪಾಗಿ ಬಾಯಿ ಮುಚ್ಚಿಬಿಟ್ಟೆ. ತಪ್ಪು ಒಂದೇ. ತಿಳಿದೇ ಮಾಡಿದ್ದು. ಮಾಡಿದವನು ನಾನು.”

ಪ್ರೂಫ್ ರೀಡರು ಅದನ್ನು ಮನಸ್ಸಿನಲ್ಲೇ ಒಮ್ಮೆ ಓದಿ ನೋಡಿದರು. ತಿದ್ದುವಂಥದ್ದು ಏನೂ ಇರಲಿಲ್ಲ. ಜೋಡಿಸಿಟ್ಟ ಬೈಗುಳ ಒಂದೊಂದಾಗಿ ಇಳಿದು ಹೋಯಿತು.

“ಪರವಾಗಿಲ್ಲ ಬಿಡಿ,” ಎಂದುಬಿಟ್ಟರು.

“ಹೀಗೆ ಕೇಳ್ಬೇಕು ಕ್ಷಮೆ ಅಂದ್ರೆ,” ಹೆಂಡತಿ ಮೇಲಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು. “ನೋಡಿ ಕಲೀರಿ. ನೀವು ಒಳಗೆ ಬನ್ನಿ, ಮನೆ ನೋಡ್ಕೊಂಡು ಹೋಗಿ. ನಾನು ತಂಗಿಗೆ ಫೋನ್ ಮಾಡ್ತೀನಿ.”

ಪ್ರತಿನಿಧಿ ಸಂಕೋಚದಿಂದ ಒಳಗೆ ಬಂದು ಮಲಗುವ ಕೋಣೆಯ ಗೋಡೆಯ ಎದುರು ನಿಂತರು. “ನಮ್ದೊಂದು ದೊಡ್ಡ ಬೀರು ಇದೆ ಸರ್. ಇಲ್ಲಿ ಹಿಡಿಸತ್ತಾ ಅಂತ...”

ಹಿಂದೆಯೇ ಹತ್ತಿ ಬಂದಿದ್ದ ಟೈಲರು ಕೊರಳಿನಿಂದ ಟೇಪು ತೆಗೆದು ಕೊಟ್ಟರು. ಪ್ರೂಫ್ ರೀಡರು ಒಂದು ತುದಿ ಹಿಡಿದುಕೊಂಡು ಗೋಡೆಯ ಮೂಲೆಗೆ ಹೋಗಿ ನಿಂತರು. ಬೀರು ಹಿಡಿಸುತ್ತಿತ್ತು.