ಮೌಶಿಯ ಹಾಲಿವುಡ್ ತೋಳು

ಹಾಲಿವುಡ್ಡಿನ ಹಳೆಯ ನಾಯಕಿಯರೆಲ್ಲ ನಮ್ಮ ಮೌಶಿಯ ಕೈಗೆ ಸಿಗದೆ ಬಚಾವಾದರು! ಸಿಕ್ಕಿದ್ದರೆ ಪಾಪ, ಅಳತೆ ಕೊಟ್ಟೂ ಕೊಟ್ಟೂ ನಟಿಸಲು ಪುರುಸೊತ್ತೇ ಇರುತ್ತಿರಲಿಲ್ಲ. ಅವರ ಬದಲು ಸಿಕ್ಕಿಬಿದ್ದವರು ಪರದೇಶದ ಮಾಲ್ಟನ್ ಊರಿನ ಕನ್ನಡಿಗರಾದ ನಾವು.

ಮೌಶಿ ಎಂದರೆ ಅಮ್ಮನ ತಂಗಿ, ಧಾರವಾಡದವಳು. ತೊಂಬತ್ತರ ದಶಕದಲ್ಲಿ ಅವಳ ಬೇಸ್‌ಮೆಂಟಿನಲ್ಲಿ ಒಂದು ಹೊಲಿಗೆ ಮಷಿನ್ನು, ಅದರೆದುರು ಟಿವಿ. ಅದರಲ್ಲಿ ಸದಾ ಕಪ್ಪು-ಬಿಳುಪಿನ ಹಾಲಿವುಡ್ ಸಿನಿಮಾ, ಅದೂ ದನಿ ಬಂದ್ ಮಾಡಿ! ಕಥೆ ಯಾರಿಗೆ ಬೇಕು? ಅವಳು ನೋಡುತ್ತಿದ್ದುದು ಬಟ್ಟೆ ಮಾತ್ರ. ನಾಯಕಿಯರ ಕುಂದುಕೊರತೆಗಳನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಹೊಲಿದುಕೊಟ್ಟ ಆ ಕಾಲದ ವಸ್ತ್ರವಿನ್ಯಾಸಕಿಯರೇ ಅವಳ ಗುರುಗಳು.

"ಈ ಹೀರೊಯಿನ್ನು ಯಾಕ ಅಳಾಕತ್ತಾಳ, ಮೌಶಿ?" ಎಂದು ಒಮ್ಮೆ ಕೇಳಿದೆ.

"ಅಳದ ಏನ್ ಮಾಡ್ತಾಳ? ತೋಳು ನೋಡು, ಎಷ್ಟ್ ಬಿಗಿ ಹೊಲದಾರ!"

ನಮ್ಮವರ ನಾಟಕದಲ್ಲಿ ಒಮ್ಮೆ ದ್ರೌಪದಿಗೆ ನೆಲ ಗುಡಿಸುವಷ್ಟು ಉದ್ದ ಬಾಲದ ಗೌನು ತೊಡಿಸಿದಳು. ದುಶ್ಶಾಸನ ಅದನ್ನೇ ತುಳಿದು ಮುಗ್ಗರಿಸಿ ಬಿದ್ದ. ವಸ್ತ್ರಾಪಹರಣ ರದ್ದು! ಕೃಷ್ಣನಿಗೆ ಕೆಲಸವೇ ಇಲ್ಲ! ನಿರ್ದೇಶಕರು ತಲೆ ಚಚ್ಚಿಕೊಂಡರೆ ಮೌಶಿ, "ಹೆಣ್ಮಗಳ ಮಾನ ಉಳೀತಲ್ರಿ, ಮತ್ತೇನ್ ಬೇಕು?" ಎಂದಳು.

ಹೊಸ ಶತಮಾನ ಬಂದರೂ ಮೌಶಿ ಬದಲಾಗಲಿಲ್ಲ. ನನ್ನ ಮಗಳ ಎಡಗೈ ಮೇಲೆ ಚಿಕ್ಕಂದಿನಲ್ಲಿ ಬಿಸಿ ಸಾರು ಬಿದ್ದು ದೊಡ್ಡ ಕಲೆ ಉಳಿದಿತ್ತು. ದೀಪಾವಳಿಯ ಗುಂಪು ನೃತ್ಯಕ್ಕೆ ಗಿಡ್ಡ ತೋಳಿನ ರವಿಕೆ ಎಂದು ಗೊತ್ತಾದದ್ದೇ, "ಐ ಆಮ್ ನಾಟ್ ಡಾನ್ಸಿಂಗ್!" ಎಂದು ಬಾಗಿಲು ಹಾಕಿಕೊಂಡಳು. ಕುಣಿತವೆಂದರೆ ಪ್ರಾಣ ಅವಳಿಗೆ. ನಾನು ಮೌಶಿಯ ಹತ್ತಿರ ಓಡಿದೆ.

"ಅವಳದೊಂದಕ್ಕೆ ಉದ್ದ ತೋಳು ಇಡು, ಮೌಶಿ," ಎಂದೆ. ಇಡೀ ಗುಂಪಿನ ರವಿಕೆ ಹೊಲಿಯುವವಳು ಅವಳೇ.

"ಒಬ್ಬಾಕೀದು ಮುಚ್ಚಿದ್ರ ಎಲ್ಲಾರ ಕಣ್ಣೂ ಅಲ್ಲೇ ಹೋಗ್ತಾವ," ಎಂದು ಬೇಸ್‌ಮೆಂಟಿಗೆ ಇಳಿದವಳು ಎರಡು ದಿನ ಯಾರನ್ನೂ ಒಳಗೆ ಬಿಡಲಿಲ್ಲ.

ಕಾರ್ಯಕ್ರಮದ ದಿನ ನೋಡುತ್ತೇನೆ, ಅಷ್ಟೂ ಹುಡುಗಿಯರ ಬಲತೋಳು ಗಿಡ್ಡ, ಎಡತೋಳು ಮಣಿಕಟ್ಟಿನವರೆಗೆ! ಹತ್ತಿರದ ಥಾರ್ನ್‌ಹಿಲ್ ಊರಿನಿಂದ ಬಂದಿದ್ದ ಇನ್ನೊಬ್ಬ ಹುಡುಗಿಯ ತಾಯಿ ಸಿಡುಕಿದಳು: "ಏನ್ ಆಂಟಿ, ಇನ್ನೊಂದು ತೋಳಿಗೆ ಬಟ್ಟೆ ಸಾಲ್ಲಿಲ್ವಾ?"

"ಹಾಲಿವುಡ್ ಫ್ಯಾಶನ್ ಅದವ್ವಾ. ನಿನಗ ತಿಳ್ಯಾಂಗಿಲ್ಲ!"

ಮಗಳು ಕುಣಿದಳು. ಎರಡೂ ಕೈ ಎತ್ತಿ, ನಗುತ್ತ ಕುಣಿದಳು. ಸಾಲಿನಲ್ಲಿ ಕಲೆಯಿದ್ದ ಕೈ ಯಾರದೆಂದು ಯಾರಿಗೂ ಗೊತ್ತಾಗಲಿಲ್ಲ. ಮೌಶಿಯ ಕೈ ಹಿಡಿದುಕೊಳ್ಳಲೆಂದು ಪಕ್ಕಕ್ಕೆ ತಿರುಗಿದೆ. ಸೆರಗಿನ ಕೆಳಗೆ ಅವಳ ರವಿಕೆಯ ಎಡತೋಳೂ ಮಣಿಕಟ್ಟಿನವರೆಗೆ ಇತ್ತು. ನನಗೆ ತಡೆಯಲಾಗಲಿಲ್ಲ. ಆ ತೋಳಿಗೇ ಮುಖವಿಟ್ಟು ಅತ್ತುಬಿಟ್ಟೆ.

ಮೌಶಿ ನನ್ನ ಬೆನ್ನು ಸವರಿದಳು. "ಯಾಕ ಅಳಾಕತ್ತೀ ಹುಡುಗೀ? ನಿನ್ನ ತೋಳೂ ಬಿಗಿ ಆತೇನು?"