ಕೆನ್ಮೋರ್ ಕೆರೆಯಲ್ಲಿ ಮೂರು ಮುಳುಗು

ಹೊಸ ವರ್ಷದ ಬೆಳಿಗ್ಗೆ ಪಕ್ಕದ ಬಡಾವಣೆ ಟೋಟೆಮ್ ಲೇಕ್‌ನಿಂದ ಬಂದ ಗೆಳೆಯ ಗ್ಲೆನ್ ತುಂಬಾ ಚಳಿ ಎನ್ನುತ್ತ ಕೈಗಿತ್ತ ಕೇಕನ್ನು ಬಾಯಿಗೆ ಹಾಕಿಕೊಂಡು ಚಂದ್ರಶೇಖರ, "ಇದೂ ಒಂದು ಚಳಿನಾ?" ಎಂದುಬಿಟ್ಟ. ಎಡವಟ್ಟಾದದ್ದು ಅಲ್ಲೇ. ಗ್ಲೆನ್, ಅವನ ಹೆಂಡತಿ ಶೆರಿಲ್, ಎಜುಕೇಶನ್ ಹಿಲ್ ಬಡಾವಣೆಯ ರಘು ಮೂವರೂ ಹೊರಟಿದ್ದದ್ದು ಹೊಸ ವರ್ಷದ ದಿನ ಊರವರೆಲ್ಲ ಸೇರಿ ತಣ್ಣೀರಿಗೆ ಹಾರುವ ವಾಡಿಕೆಯಂತೆ, ಕೆನ್ಮೋರ್‌ನ ಕೊರೆಯುವ ಕೆರೆಗೆ ಧುಮುಕಲು. ಚಂದ್ರಶೇಖರ ನೆಪ ಹುಡುಕುವಷ್ಟರಲ್ಲಿ ಹೆಂಡತಿ ವಸಂತಲಕ್ಷ್ಮಿ ಅವನ ಟವೆಲನ್ನೂ ಚೀಲಕ್ಕೆ ತುಂಬಿದ್ದಳು.

ದಾರಿಯುದ್ದಕ್ಕೂ ಸಲಹೆಗಳು. ತಲೆ ನೆನೆಸಬಾರದೆಂದು ಶೆರಿಲ್. ಮೊದಲು ತಲೆಯೇ ನೆನೆಯಬೇಕೆಂದು ರಘು. ಮೊಣಕಾಲುದ್ದ ನೀರಿನಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗುವುದೆಂದು ಚಂದ್ರಶೇಖರ ಒಳಗೊಳಗೇ ತೀರ್ಮಾನಿಸಿಕೊಂಡ.

ಕೆರೆಯ ದಡದಲ್ಲಿ ಜನ ಸಾಲುಗಟ್ಟಿ ನಿಂತಿದ್ದಂತೆ ಸೀಟಿ ಮೊಳಗಿತು. ಹಿಂದಿನಿಂದ ನುಗ್ಗಿದ ಜನ ಅವನನ್ನು ಎದೆಮಟ್ಟದ ನೀರಿಗೆ ತಳ್ಳಿದರು. ಮರುಕ್ಷಣವೇ ಎಲ್ಲರೂ ಕಿರುಚುತ್ತ ದಡಕ್ಕೆ ಓಡಿದರು. ಗ್ಲೆನ್ ಎಲ್ಲರಿಗಿಂತ ಮುಂದೆ. ಚಂದ್ರಶೇಖರ ಮಾತ್ರ ಕೆಸರಿನಲ್ಲಿ ಕಾಲು ಹೂತು, ನೆಟ್ಟ ಕಂಬದಂತೆ ನಿಂತುಬಿಟ್ಟ. ಕೂಗೋಣವೆಂದರೆ ಹಲ್ಲು ಕಟಕಟಿಸಿತೇ ಹೊರತು ಮಾತು ಹೊರಡಲಿಲ್ಲ. ಅವನು ಮಂತ್ರ ಹೇಳುತ್ತಿದ್ದಾನೆಂದುಕೊಂಡು ದಡದವರು ಚಪ್ಪಾಳೆ ತಟ್ಟಿದರು.

ಕೊನೆಗೆ ಕಾಲು ಬಿಡಿಸಿಕೊಂಡ. ಓಡಬಹುದಿತ್ತು. ಆದರೆ ಇಪ್ಪತ್ತು ವರ್ಷ ಆಫೀಸಿನ ಮೀಟಿಂಗುಗಳಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತವನನ್ನು ಇಷ್ಟು ಜನ ಕಣ್ಣಿಟ್ಟು ನೋಡಿದ್ದು ಇದೇ ಮೊದಲು. ಮೂಗು ಹಿಡಿದು ಮುಳುಗಿದ. ಎದ್ದು ಮತ್ತೆ ಮುಳುಗಿದ. ಮೂರನೆಯ ಸಲ ಎದ್ದಾಗ ಚಳಿ ಎಲ್ಲಿ ಹೋಯಿತೋ, ಎದೆಯೊಳಗಿಂದ ನಗು ಉಕ್ಕಿ ಬಂತು. ಮದುವೆ ಗಂಡಿನಂತೆ ನಿಧಾನವಾಗಿ ದಡಕ್ಕೆ ನಡೆದ.

"ನೀವು ಮನುಷ್ಯರಲ್ಲ ಮಾರಾಯ್ರೆ," ಎಂದ ಗ್ಲೆನ್, ನಡುಗುತ್ತಲೇ.

ಗುರುತಿಲ್ಲದವರೂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅಷ್ಟರಲ್ಲಿ ಮೂವರು ಗೆಳೆಯರೂ ಹತ್ತಿರದಲ್ಲೇ ಇದ್ದ ಅವನ ಮನೆಗೆ ಮುಂದಾಗಿ ಹೋಗಿದ್ದರು. ಒಂಟಿಯಾಗಿ ಮನೆಯ ಕಡೆ ನಡೆಯುವಾಗ ಚಳಿ ಬಡ್ಡಿಸಮೇತ ವಾಪಸಾಗಿ ಮೂಳೆಗಿಳಿಯಿತು. ಸುಡುಸುಡು ನೀರೊಂದೇ ಈಗ ಅವನ ಧ್ಯಾನ.

ಮನೆಯಲ್ಲಿ ಮೂವರೂ ಸ್ನಾನ ಮುಗಿಸಿ, ಕೆನ್ನೆ ಕೆಂಪಾಗಿಸಿಕೊಂಡು ಕಾಫಿ ಕುಡಿಯುತ್ತಿದ್ದರು. ಅವರಿಂದ ಕೆರೆಯ ಕಥೆ ಕೇಳಿದ್ದ ವಸಂತಲಕ್ಷ್ಮಿ ಹೆಮ್ಮೆಯಿಂದ ಗಂಡನನ್ನು ನೋಡಿದಳು.

"ಪಾಪ, ನಡುಗ್ತಿದ್ರು, ಇಲ್ಲೇ ಸ್ನಾನ ಮಾಡಿ ಅಂದೆ. ಬಿಸಿನೀರೆಲ್ಲ ಖಾಲಿ ರೀ. ನಿಮಗೇನು, ತಣ್ಣೀರೇ ಆಗತ್ತಲ್ಲ."

ಮೂವರೂ ಗೌರವದಿಂದ ತಲೆಯಾಡಿಸಿದರು. ಆ ಗೌರವಕ್ಕೆ ಕಟ್ಟುಬಿದ್ದು ಚಂದ್ರಶೇಖರನೂ ತಲೆಯಾಡಿಸಿದ. ಎದೆ ಸೆಟೆಸಿಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಲ್ಲಿ ತಿರುಗಿಸಿದ.