ತಟ್ಟೆ ಬಿಡದ ಫಡ್ಜ್

ಅಳೆದು ತೂಗಿ ಮಾಡಿದ ಕೆಲಸವೇ ನನ್ನ ಕೈಯಲ್ಲಿ ಹೆಚ್ಚಾಗಿ ಕೆಡುತ್ತದೆ. ಇಪ್ಪತ್ತಾರು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಆದರೂ ಇಂಥದ್ದು ನಡೆಯುತ್ತಲೇ ಇರುತ್ತದೆ. ಕಳೆದ ಡಿಸೆಂಬರಿನ ಒಂದು ವಾರದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಪಕ್ಕದ ಮನೆಯ ಕ್ರೈಸ್ತ ಹಿರಿಯರನ್ನು ನಾವೆಲ್ಲ ಬಾಯಮ್ಮ ಎನ್ನುತ್ತೇವೆ. ಪ್ರತಿ ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಒಂದು ಸ್ಟೀಲ್ ತಟ್ಟೆ ತುಂಬ ಕರ್ಜಿಕಾಯಿಯಂಥ ನೆವ್ರಿ, ರೋಸ್ ಕುಕ್ಕೀಸ್ ಬರುತ್ತದೆ. ಬಂದ ತಟ್ಟೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ನಮ್ಮಲ್ಲಿಲ್ಲ. ನನ್ನ ಹೆಂಡತಿ ಅದರಲ್ಲಿ ಚಾಕಲೇಟ್ ಫಡ್ಜ್ ತುಂಬಿ ಕೊಡುತ್ತಿದ್ದಳು. ಹಾಲು, ಸಕ್ಕರೆ, ಬೆಣ್ಣೆ, ಕೋಕೋ ಪುಡಿ ಕುದಿಸಿ, ಬರ್ಫಿಯ ಹಾಗೆ ತುಂಡು ಮಾಡುವ ತಿಂಡಿ ಅದು. ಹದಿನೆಂಟು ವರ್ಷ ಹೀಗೆ ನಡೆಯಿತು. ಹತ್ತೊಂಬತ್ತನೆಯ ಸಲ ತಟ್ಟೆ ಬಂದಾಗ ಅವಳು ಆಸ್ಪತ್ರೆಯಲ್ಲಿದ್ದಳು. ಜನವರಿಯಲ್ಲಿ ತೀರಿಕೊಂಡಳು. ತಟ್ಟೆ ವರ್ಷವಿಡೀ ನಮ್ಮ ಕಪಾಟಿನಲ್ಲೇ ಉಳಿಯಿತು. ಮತ್ತೆ ಕ್ರಿಸ್ಮಸ್ ಬರುವ ಮೊದಲು ಅದು ತುಂಬಿ ಹೋಗಬೇಕಿತ್ತು. ಅವಳು ನಡೆಸಿಕೊಂಡು ಬಂದದ್ದು ನನ್ನ ಕೈಯಲ್ಲಿ ನಿಲ್ಲಬಾರದು.

೧. ಕೋಕೋ ಪುಡಿ

ನಮ್ಮೂರು ಮಡಂತ್ಯಾರಿನಲ್ಲಿ ಸಕ್ಕರೆ ಬೆರೆಸದ ಕೋಕೋ ಪುಡಿ ಸಿಗಲಿಲ್ಲ. ಮೆಲ್ಕಾರಿನಲ್ಲಿ ಪರಿಚಯದವರ ಅಂಗಡಿಗೆ ಹೋದೆ. ಅಂಗಡಿಯವರ ಇಬ್ಬರು ತಮ್ಮಂದಿರು ಗಲ್ಫಿನಲ್ಲಿದ್ದಾರೆ.

"ಎಂತಕ್ಕೆ ಮಾಷ್ಟ್ರೇ?"

"ಚಾಕಲೇಟ್ ಮಾಡ್ಲಿಕ್ಕೆ."

ಅವರು ತಕ್ಕಡಿಯಿಂದ ತಲೆ ಎತ್ತಿದರು. "ಚಾಕಲೇಟ್ ಮಾಡುವುದಾ? ಅದು ವಿಮಾನದಲ್ಲಿ ಬರುವುದಲ್ವಾ ಮಾರಾಯ್ರೇ!"

ಪುಡಿ ಹುಡುಕಿ ಕೊಟ್ಟರು. ನಾನು ಹೊರಡುವಾಗ ದುಬೈಯಿಂದ ಬಂದ ಚಾಕಲೇಟಿನ ಒಂದು ಪ್ಯಾಕೆಟನ್ನೂ ಚೀಲಕ್ಕೆ ಹಾಕಿದರು.

"ಇದು ಇರಲಿ ಮಾಷ್ಟ್ರೇ. ನೀವು ಮಾಡಿದ್ದನ್ನು ತಿಂದ ಮೇಲೆ ಬೇಕಾಗ್ತದೆ."

೨. ಲೋಟ

ಹೆಂಡತಿಯ ಅಡುಗೆ ಪುಸ್ತಕದಲ್ಲಿ 'ಸಕ್ಕರೆ ಕಾಲು ಕಿಲೊ, ಹಾಲು ಒಂದು ಲೋಟ' ಎಂದಿತ್ತು. ಯಾವ ಲೋಟ ಎಂದು ಬರೆದಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ನಮ್ಮಲ್ಲಿ ಐದು ಬಗೆಯ ಲೋಟಗಳಿವೆ. ಶಾಲೆಯ ಪ್ರಯೋಗಾಲಯದಿಂದ ಅಳತೆ ಜಾಡಿ ತಂದು ಐದನ್ನೂ ಅಳೆದು, ಸರಾಸರಿ ತೆಗೆದು, ಅಷ್ಟು ಹಾಲು ಹಾಕಿದೆ.

ಮರುದಿನ ಬೆಳಿಗ್ಗೆಯೂ ಅದು ಗಟ್ಟಿಯಾಗಿರಲಿಲ್ಲ. ಚೆಲ್ಲಲು ಮನಸ್ಸು ಬಾರದೆ ಡಬ್ಬದಲ್ಲಿ ಶಾಲೆಗೆ ಕೊಂಡುಹೋದೆ. ಸ್ಟಾಫ್ ರೂಮಿನಲ್ಲಿ ಅದನ್ನು ಏನೆಂದು ಕರೆಯಬೇಕು ಎಂಬ ಚರ್ಚೆ ನಡೆಯಿತು. ಕೊನೆಗೆ ಪಿ.ಟಿ. ಮಾಷ್ಟ್ರು ಒಂದು ಗೋಳಿಬಜೆಯನ್ನು ಅದರಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ಹೇಗೆ ಮಾಡಿದ್ದು ಎಂದು ಕೇಳಿದರು. ಲೋಟಗಳ ವಿಷಯ ಹೇಳಿದೆ.

"ಸರಾಸರಿಯಾ ಸರ್? ಹಾಗಾದರೆ ಸರಿಯೇ ಉಂಟು. ಪಾಸೂ ಅಲ್ಲ, ಫೇಲೂ ಅಲ್ಲ."

ಇನ್ನೊಂದು ಗೋಳಿಬಜೆ ಅದ್ದಿದರು.

೩. ಮೂರು ಸಲ

ಎರಡನೆಯ ಸಲ ಹಾಲು ಕಡಿಮೆ ಮಾಡಿದೆ. 'ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗಿನ ಉಂಡೆ ಆಗಬೇಕು. ಕೂಡಲೇ ಇಳಿಸುವುದು' ಎಂದು ಪುಸ್ತಕದಲ್ಲಿತ್ತು. ಹನಿ ಬಿಟ್ಟೆ, ಉಂಡೆ ಆಯಿತು. ಆದರೆ ಒಂದೇ ಪ್ರಯೋಗದ ಫಲಿತಾಂಶವನ್ನು ನಂಬಬಾರದು ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಇನ್ನೆರಡು ಸಲ ನೋಡಿದೆ. ಅಷ್ಟು ಹೊತ್ತೂ ಪಾಕ ಒಲೆಯ ಮೇಲೆ ಕುದಿಯುತ್ತಿತ್ತು. ಮೂರನೆಯ ಹನಿ ಬಟ್ಟಲಿನ ತಳಕ್ಕೆ ಟಣ್ ಎಂದು ಬಿತ್ತು.

ಹೇಗೂ ಅದರಲ್ಲೇ ಕೊಡುವುದಲ್ಲವೇ ಎಂದು ಪಾಕವನ್ನು ನೇರವಾಗಿ ಬಾಯಮ್ಮನ ತಟ್ಟೆಗೇ ಸುರಿದೆ. ತಟ್ಟೆಗೆ ಮೊದಲು ತುಪ್ಪ ಸವರಬೇಕೆಂಬುದನ್ನೂ ಅವಳು ಬರೆದಿರಲಿಲ್ಲ.

ಸಂಜೆ ತುಂಡು ಮಾಡಲು ಕೂತೆ. ಚಾಕು ಬಗ್ಗಿತು. ತಟ್ಟೆ ಕವುಚಿ ತಟ್ಟಿದೆ. ಒಂದು ಚೂರೂ ಬೀಳಲಿಲ್ಲ. ಫೋನ್ ಮಾಡಿ ಪಿ.ಟಿ. ಮಾಷ್ಟ್ರನ್ನು ಕರೆಸಿದೆ. ಅವರು ತೆಂಗಿನಕಾಯಿ ಒಡೆಯುವ ಕತ್ತಿಯ ಬೆನ್ನಿನಿಂದ ಒಂದು ಪೆಟ್ಟು ಕೊಟ್ಟರು. ಕತ್ತಿ ಹಿಂದಕ್ಕೆ ಹಾರಿತು. ಆಮೇಲೆ ತಟ್ಟೆಯನ್ನು ಅಂಗೈಯಲ್ಲಿಟ್ಟು, ಒಮ್ಮೆ ಮೇಲೆ ಕೆಳಗೆ ತೂಗಿ ನೋಡಿದರು.

"ಒಡೆಯುವುದು ಬೇಡ ಸರ್. ಶಾಲೆಯಲ್ಲಿ ಎಸೆಯಲಿಕ್ಕೆ ಒಂದು ಡಿಸ್ಕಸ್ ಬೇಕಿತ್ತು."

೪. ತಟ್ಟೆ

ಕ್ರಿಸ್ಮಸ್ಸಿಗೆ ಎರಡು ದಿನ ಇತ್ತು. ತಟ್ಟೆಯನ್ನು ಹಾಗೆಯೇ ಹಿಡಿದುಕೊಂಡು ಹೋದೆ. ಬಾಯಮ್ಮ ಜಗಲಿಯಲ್ಲಿ ಕೂತು ನೆವ್ರಿ ತುಂಬಿದ ಡಬ್ಬಗಳಿಗೆ ಮುಚ್ಚಳ ಹಾಕುತ್ತಿದ್ದರು.

"ಬಾಯಮ್ಮ, ನಿಮ್ಮ ತಟ್ಟೆ ಹಾಳು ಮಾಡಿದೆ. ಫಡ್ಜ್ ಏಳುವುದಿಲ್ಲ. ಹೊಸ ತಟ್ಟೆ ತಂದುಕೊಡ್ತೇನೆ. ಖಾಲಿ ಕೊಡಬಾರದಲ್ಲ ಎಂದು ಇಷ್ಟೆಲ್ಲ ಮಾಡಿದ್ದು."

ಅವರು ತಟ್ಟೆಯನ್ನು ಮೂಗಿನ ಹತ್ತಿರ ತಂದು ಸ್ವಲ್ಪ ಹೊತ್ತು ಹಿಡಿದರು.

"ಪರಿಮಳ ಅವಳದ್ದೇ ಉಂಟು" ಎಂದರು.

ನಾನು ಡಬ್ಬಗಳನ್ನು ನೋಡಿದೆ. ಅವರು ಚಮಚದ ಹಿಡಿಯಿಂದ ಫಡ್ಜನ್ನು ಎರಡು ಸಲ ಎಬ್ಬಿಸಲು ನೋಡಿ ಕೈಬಿಟ್ಟರು.

"ತಟ್ಟೆ ಖಾಲಿ ಹೋಗಬಾರದು, ಅಷ್ಟೇ ಅಲ್ವಾ ಮಾಷ್ಟ್ರೇ? ಇದು ಇನ್ನು ನಾವಿಬ್ಬರು ಇರುವವರೆಗೆ ಖಾಲಿ ಆಗುವುದಿಲ್ಲ."

ಫಡ್ಜಿನ ಮೇಲೆಯೇ ಈ ವರ್ಷದ ನೆವ್ರಿ ಜೋಡಿಸಿ, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

"ನೆವ್ರಿ ತಿಂದು ತಟ್ಟೆ ಹಾಗೇ ತನ್ನಿ, ತುಂಬಿಯೇ ಇರ್ತದೆ. ಪ್ರತಿ ವರ್ಷ ಹೀಗೆಯೇ ಮಾಡುವ. ಇನ್ನೊಮ್ಮೆ ಫಡ್ಜ್ ಮಾತ್ರ ಮಾಡ್ಬೇಡಿ ಮಾಷ್ಟ್ರೇ. ನನ್ನ ಹತ್ತಿರ ಬೇರೆ ತಟ್ಟೆ ಇಲ್ಲ."